ತಂಗಿಯ ಊರಿನ ಗಡಿಯಾರ

ನಮ್ಮಣ್ಣನ ಕೈ ಸೇದಿಹೋಗಲಿ! ಒಡಹುಟ್ಟಿದವನಿಗೆ ಹೀಗೆ ಶಾಪ ಹಾಕಬಾರದು ಅಂತ ನನಗೂ ಗೊತ್ತು. ಆದರೂ ಹಾಕುತ್ತೇನೆ.

ಅವನು ಗಡಿಯಾರ ರಿಪೇರಿ ಮಾಡುವವನು. ತಪ್ಪು ಸಮಯ ತೋರಿಸುವ ಗಡಿಯಾರ ಕಂಡರೆ ಕೈ ಸುಮ್ಮನಿರುವುದಿಲ್ಲ. ನನಗೆ ಹೆರಿಗೆಯಾದಾಗ ಆಸ್ಪತ್ರೆಗೆ ಬಂದು, ಮಗುವಿಗಿಂತ ಮೊದಲು ವಾರ್ಡಿನ ಗಡಿಯಾರ ನೋಡಿದ ಮಹಾನುಭಾವ.

ನಮ್ಮ ಅಡುಗೆಮನೆಯ ಗಡಿಯಾರವನ್ನು ಅಮ್ಮ ಬೇಕೆಂದೇ ನಾಲ್ಕು ಗಂಟೆ ಹಿಂದೆ ಇಟ್ಟಿದ್ದಳು. ಅದು ತಂಗಿಯ ಊರಿನ ಸಮಯ. ವಿಮಾನದಲ್ಲಿ ಕೂತರೂ ಒಂಬತ್ತು ಗಂಟೆ ಹಿಡಿಯುವ ದೂರ. "ಈಗ ನನ್ನ ಪುಟ್ಟಿ ಎದ್ದಿರ್ತಾಳೆ" ಎಂದು ಅದನ್ನು ನೋಡಿಯೇ ಅಮ್ಮ ಒಲೆ ಹಚ್ಚುತ್ತಿದ್ದಳು. ಅಣ್ಣ ಮರೆತು ಆಗಾಗ ಅದನ್ನೂ 'ಸರಿ' ಮಾಡಿಬಿಡುತ್ತಿದ್ದ. ಅಮ್ಮ ಅವನ ತಲೆಗೊಂದು ಮೊಟಕಿ, ಸ್ಟೂಲ್ ಹತ್ತಿ, ಮುಳ್ಳನ್ನು ಮತ್ತೆ ಹಿಂದಕ್ಕೆ ತಿರುಗಿಸುತ್ತಿದ್ದಳು.

ಮೊನ್ನೆ ಮಧ್ಯಾಹ್ನ ಅಮ್ಮ ತೀರಿಕೊಂಡಳು. ತಂಗಿ ಫೋನಿನಲ್ಲಿ ಅಳುತ್ತಲೇ ಹೇಳಿದಳು: "ಇಲ್ಲಿ ರಾತ್ರಿ ಎಂಟಕ್ಕೆ ವಿಮಾನ ಸಿಕ್ಕಿದೆ. ಅಮ್ಮನ ಮುಖ ನೋಡ್ಬೇಕು ಅಕ್ಕಾ. ನಾನು ಬರೋವರೆಗೂ ಕಳಿಸಬೇಡಿ."

ನಾನು ಅಮ್ಮನ ಪಕ್ಕ ಬಿಟ್ಟು ಏಳಲಿಲ್ಲ. ಅಣ್ಣ ಅಡುಗೆಮನೆಯ ಗಡಿಯಾರ ನೋಡಿ ಬಂದು, "ಅಲ್ಲಿ ಈಗ ಎಂಟು. ಹಾರಿದಳು. ಇನ್ನು ಒಂಬತ್ತು ಗಂಟೆ, ಬೆಳಗ್ಗೆ ಐದಕ್ಕೆ ಇಳೀತಾಳೆ" ಎಂದ. ಗಡಿಯಾರದ ವಿಷಯದಲ್ಲಿ ಅವನಿಗೆ ಎದುರಾಡುವವರು ಯಾರು? ಚಿತಾಗಾರದವರಿಗೆ ಒಂಬತ್ತು ಗಂಟೆಗೆ ಬರುತ್ತೇವೆ ಎಂದು ತಿಳಿಸಿಯೂ ಬಿಟ್ಟ.

ಐದಾಯಿತು, ಏಳಾಯಿತು, ಎಂಟೂ ಆಯಿತು. ತಂಗಿಯ ಫೋನ್ ಸ್ವಿಚ್ ಆಫ್.

"ಇನ್ನೂ ಸ್ವಲ್ಪ ಕಾಯೋಣ ಅಣ್ಣಾ" ಎಂದು ಗೋಗರೆದೆ.

"ಇಳಿದಿದ್ರೆ ಫೋನ್ ಮಾಡ್ತಿರಲಿಲ್ವಾ? ವಿಮಾನ ತಪ್ಪಿಸ್ಕೊಂಡಿರ್ತಾಳೆ. ಅವಳು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದಾಳೆ?"

ಒಂಬತ್ತಕ್ಕೆ ಅಮ್ಮನನ್ನು ಒಳಗೆ ತಳ್ಳಿ ಕಬ್ಬಿಣದ ಬಾಗಿಲು ಹಾಕಿದರು. ಆಗಲೇ ನನ್ನ ಫೋನ್ ಬಡಿದುಕೊಂಡಿತು.

"ಅಕ್ಕಾ, ಈಗಷ್ಟೇ ಇಳಿದೆ. ವಿಮಾನ ಒಂಚೂರೂ ತಡ ಆಗಲಿಲ್ಲ. ಅಮ್ಮ ಮನೇಲಿದ್ದಾಳೆ ತಾನೇ?"

ನಾನು ಗೊಳೋ ಎಂದು ಅತ್ತೆ. ಅವಳಿಗೆ ಅರ್ಥವಾಯಿತು.

ಮನೆಗೆ ಬಂದವಳೇ ಅಡುಗೆಮನೆಗೆ ನುಗ್ಗಿದೆ. ಗೋಡೆಯ ಮೇಲಿನ ಸಮಯ, ನನ್ನ ಕೈಗಡಿಯಾರದ ಸಮಯ, ಎರಡೂ ಒಂದೇ!

"ಯಾರು ಮುಟ್ಟಿದ್ದು ಇದನ್ನ?"

ಅಣ್ಣನ ಮುಖ ಬಿಳಿಚಿಕೊಂಡಿತು. "ನಿನ್ನೆ ಸಂಜೆ ನೀರು ಕುಡಿಯೋಕೆ ಬಂದಾಗ... ಹಿಂದೆ ಇತ್ತು... ಕೈ ತಾನಾಗೇ..."

"ಪ್ರತಿ ಸಲ ನೀನು ಕೆಡಿಸಿದ್ದನ್ನ ಅಮ್ಮ ಸರಿಮಾಡ್ತಿದ್ಲು. ನಿನ್ನೆ ಅವಳೆಲ್ಲಿದ್ಲೋ? ಹೊತ್ತಿಗೆ ಸರಿಯಾಗಿ ಬರಲ್ಲ ಅಂತ ತಂಗೀನ ಆಡ್ಕೊಂಡೆಯಲ್ಲ, ನಾಚಿಕೆ ಆಗಲ್ವಾ ನಿನಗೆ?" ಬಾಯಿಗೆ ಬಂದಂತೆ ಬೈದೆ. ಸಮಾಧಾನ ಮಾಡಲು ಬಂದ ಅತ್ತಿಗೆಗೂ ಬೈಗುಳ ಬಿತ್ತು.

ಅಣ್ಣ ಸ್ಟೂಲ್ ಎಳೆದುಕೊಂಡು ಹತ್ತಿ ಮುಳ್ಳನ್ನು ಹಿಂದಕ್ಕೆ ತಿರುಗಿಸತೊಡಗಿದ. ಅಷ್ಟರಲ್ಲಿ ತಂಗಿ ಬಾಗಿಲಲ್ಲಿ ಬಂದು ನಿಂತಳು. ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ.

"ಬಿಡಣ್ಣ," ಎಂದಳು. "ಅಲ್ಲಿ ಈಗ ಗಂಟೆ ಎಷ್ಟು ಅಂತ ಇನ್ಯಾರು ನೋಡ್ತಾರೆ?"

ಅಣ್ಣ ಸ್ಟೂಲಿನ ಮೇಲೆ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಅಳಲಿ. ನಾನಂತೂ ಸಮಾಧಾನ ಮಾಡಲಿಲ್ಲ.