ಕುಬೇರಪ್ಪನ ಮೂರು ಚಕ್ರದ ಕಾರು

ನಾನು ಒಂದು ಮೂರು ಚಕ್ರದ ಕಾರು. ಹಾಗೆಂದು ಎಲ್ಲರೂ ಹೇಳುತ್ತಿದ್ದರು. ನನಗೆ ಮಾತ್ರ ಹುಟ್ಟಿದಂದಿನಿಂದಲೂ ಅನುಮಾನವಿತ್ತು. ಗದಗಿನ ಒಂದು ತಗಡಿನ ಶೆಡ್ಡಿನಲ್ಲಿ, ಕಬ್ಬಿಣದ ಕಪಾಟು ಮಾಡುವ ಇಮಾಮಸಾಬರು ನನ್ನ ಮೈ ಬೆಸೆದರು. ಮುಂದೆ ಒಂದು ಗಾಲಿ, ಹಿಂದೆ ಎರಡು, ಮೇಲೆ ಹಳದಿ ಬಣ್ಣ. ಯಾರ ಸೀರೆಯೂ ಸಿಕ್ಕಿ ಹರಿಯದಿರಲೆಂದು ಬಾಗಿಲಿನ ಅಂಚನ್ನು ಬೆರಳಾಡಿಸಿ ನೋಡಿ ನೋಡಿ ಉಜ್ಜಿದರು.

"ಎಂಜಿನ್ ಎಲ್ಲಿ ಸಾಹೇಬ್ರ?" ಎಂದು ಅವರು ಕೇಳಿದಾಗ ಒಡೆಯ ಕುಬೇರಪ್ಪ, "ಪುಣೇದಿಂದ ಬರತೈತಿ. ನೀ ಬಣ್ಣಾ ಹಚ್ಚಿ ಕೊಡು" ಎಂದ.

ಬರಲಿಲ್ಲ. ಆದರೂ ಅವನು ನನ್ನನ್ನು ಪೇಟೆಯ ಇಳಿಜಾರಿನಲ್ಲಿ ನಿಲ್ಲಿಸಿ, ಬ್ರೇಕು ಬಿಟ್ಟು ಕೆಳಗೆ ಉರುಳಿಸಿ ತೋರಿಸಿದ. "ನೋಡ್ರಿ, ಸಪ್ಪಳಾನ ಇಲ್ಲ!" ಜನ ಚಪ್ಪಾಳೆ ತಟ್ಟಿದರು. ಮುಂಗಡ ಕೊಟ್ಟವರಿಗೆ ಇಂಥದೇ ಕಾರು ಮಾಡಿಸಿ ಕೊಡುವೆನೆಂದ. ಅವನ ಅಂಗೈ ಸದಾ ನನ್ನ ಬಾನೆಟ್ಟಿನ ಮೇಲೆ. ಪ್ರೀತಿಯಿಂದಲ್ಲ, ಯಾರೂ ಎತ್ತದಿರಲೆಂದು.

ನರ್ಸ್ ಸುಗಂಧಾಬಾಯಿ ಎರಡು ಸಲ ಬಂದು ನೋಡಿದರು. ಹೆರಿಗೆ ಮಾಡಿಸಲು ಏಳೆಂಟು ಹಳ್ಳಿ ನಡೆಯುವವರು. ಹಿಂದಿನ ತಿಂಗಳು ಅವರು ನಡೆದು ತಲುಪುವಷ್ಟರಲ್ಲಿ ಒಂದು ಕೂಸು ಉಳಿದಿರಲಿಲ್ಲ. ನನ್ನಂಥ ಕಾರೊಂದಕ್ಕೆ ತಾಯಿ ಕೊಟ್ಟ ಬಳೆಗಳನ್ನೇ ಮುಂಗಡ ಕೊಡುವುದಾಗಿ ಒಪ್ಪಿದರು.

ಆಯುಧಪೂಜೆಯ ಬೆಳಿಗ್ಗೆ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಗಾಲಿಗಳ ಕೆಳಗಿಡಲು ನಿಂಬೆಹಣ್ಣು ತಂದರು. ರೂಢಿಯಂತೆ ನಾಲ್ಕು. ಮೂರನ್ನಿಟ್ಟು, ಉಳಿದದ್ದನ್ನು ಇಮಾಮಸಾಬರ ಕೈಗೆ ಕೊಟ್ಟು ನಕ್ಕರು. "ಶರಬತ್ತ ಮಾಡ್ಕೋರಿ ಅಣ್ಣಾ. ಸಾಹೇಬ್ರ, ಈಗ ಹಣ್ಣಿನ ಮ್ಯಾಲ ಹಾಯಸ್ರಿ."

ಶೆಡ್ಡಿನ ಮುಂದಿನ ನೆಲ ಸಮತಟ್ಟಾಗಿತ್ತು.

"ಪೆಟ್ರೋಲ್ ತೀರೇತ್ರಿ ಬಾಯಾರ. ಬಳಿ ಕೊಟ್ಟ ನಡೀರಿ, ನಾಳೆ ಹಾಯಸೂಣು" ಎಂದ ಕುಬೇರಪ್ಪ.

"ಅಯ್ಯ, ಅದಕ್ಯಾಕ ಚಿಂತಿ!"

ಪಕ್ಕದ ಸ್ಕೂಟರ್ ರಿಪೇರಿ ಅಂಗಡಿಯಿಂದ ಒಂದು ಡಬ್ಬಿ ಪೆಟ್ರೋಲ್ ಕೇಳಿ ತಂದು, ಅವನು ತಡೆಯುವ ಮೊದಲೇ ನನ್ನ ಮುಚ್ಚಳ ತಿರುಗಿಸಿ ಸುರಿದರು. ಅದು ನೇರವಾಗಿ ನೆಲಕ್ಕೆ ಬಿತ್ತು. ನನಗೆ ಹೊಟ್ಟೆಯೇ ಇರಲಿಲ್ಲ.

ಇಮಾಮಸಾಬರು ಬಾನೆಟ್ ಎತ್ತಿದರು. ಒಳಗೆ ಎರಡು ಮರಳಿನ ಚೀಲ. "ಎಂಜಿನ್ ಆಮ್ಯಾಲ ಹಾಕ್ಸಿರಬೇಕು ಅಂದ್ಕೊಂಡಿದ್ನೆವಾ ತಂಗಿ" ಎಂದು ತಲೆ ತಗ್ಗಿಸಿದರು. ಗದ್ದಲದಲ್ಲಿ ಕುಬೇರಪ್ಪ ಜಾರಿಕೊಂಡ. ಪೂಜೆ ನೋಡಲು ಸೇರಿದ್ದ ಜನ ಸಿಟ್ಟಿಗೆದ್ದು ನನ್ನ ಮೇಲೆ ಕಲ್ಲೆತ್ತಿದಾಗ ಸುಗಂಧಾಬಾಯಿ ಅಡ್ಡ ನಿಂತರು. "ಅದನ್ಯಾಕ ಹೊಡೀತೀರೋ? ಅದಕ್ಕೂ ಮೋಸಾ ಮಾಡ್ಯಾನ."

ಅವರೇ ನನ್ನನ್ನು ತಳ್ಳಿಸಿಕೊಂಡು ಹೋದರು. ಈಗ ನಾನು ಅವರ ಆಸ್ಪತ್ರೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಬಸುರಿಯರು ಸರದಿ ಬರುವ ತನಕ ನನ್ನ ಸೀಟಿನಲ್ಲಿ ಕೂರುತ್ತಾರೆ. ಯಾರಾದರೂ ಮೈ ಸವರಿದರೆ ಇಂದಿಗೂ ಮೊದಲು ಅವರ ಮುಖ ನೋಡುತ್ತೇನೆ. ಸುಗಂಧಾಬಾಯಿಯ ಬಳೆಗಳು ಉಳಿದವು, ನಡಿಗೆಯೂ ಉಳಿಯಿತು. ಕರೆ ಬಂದೊಡನೆ ಅವರು ಚೀಲ ಹೆಗಲಿಗೇರಿಸಿ ಬೇಗ ಬೇಗ ಹೊರಡುತ್ತಾರೆ. ರಸ್ತೆ ತಿರುಗುವವರೆಗೂ ನೋಡುತ್ತಿರುತ್ತೇನೆ. ಕುಬೇರಪ್ಪ ನನ್ನ ಬಗ್ಗೆ ಹೇಳಿದ್ದೆಲ್ಲ ನಿಜವಾಗಿದ್ದರೆ ಎಂದು ಆಗ ಮಾತ್ರ ಅನ್ನಿಸುತ್ತದೆ.