ಗಿಳಿಯ ಬಾಯಲ್ಲಿ ಏನಿತ್ತು

ನಾನು ಒಂದು ಫೋಲ್ಡರ್. ರಟ್ಟಿನದಲ್ಲ, ಕಂಪ್ಯೂಟರಿನ ಒಳಗಿನದು. ನನಗೆ ಧೂಳು ಹಿಡಿಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಇದನ್ನು ಕೇಳಿಯೇ ಜನ ನನ್ನನ್ನು ನಂಬಿದರು. ನಂಬದಿದ್ದರೆ ಚೆನ್ನಾಗಿತ್ತು.

ನಾನು ಹುಟ್ಟಿದ್ದು ಖಣ ನೇಯುವ ಊರೊಂದರ ನೇಕಾರರ ಸಂಘದಲ್ಲಿ. ಖಣವೆಂದರೆ ಕುಬಸದ ಬಟ್ಟೆ. ಅದರ ಮೇಲೆ ಬರಬೇಕಾದ ಹೂವು, ಕಳಸಗಳನ್ನು ಮೊದಲು ಚೌಕುಳಿ ಕಾಗದದಲ್ಲಿ ಬರೆದುಕೊಂಡು, ಆಮೇಲೆ ಮಗ್ಗ ಹೂಡುತ್ತಾರೆ. ಬರೆದವರ ಹೆಸರಿನಲ್ಲೇ ಆ ನಕ್ಷೆಗಳನ್ನು ಗಂಟು ಕಟ್ಟಿಡುವುದು ಅಲ್ಲಿಯ ರೂಢಿ. ಸಂಘಕ್ಕೆ ಕಂಪ್ಯೂಟರ್ ಬಂದಾಗ ಗುಮಾಸ್ತೆ ಶೈಲಜಾ ಅದೇ ರೂಢಿ ಹಿಡಿದಳು. ಮೌಸ್ ಒತ್ತಿ ನನ್ನನ್ನು ಹುಟ್ಟಿಸಿ ನಕ್ಷೆ ಬರೆಯುವ ನೇಕಾರನೊಬ್ಬನ ಹೆಸರನ್ನೇ ಇಟ್ಟಳು: ‘ಮುರಿಗೆಪ್ಪ’. ತೊಟ್ಟಿಲೂ ಇಲ್ಲ, ಗುಗ್ಗರಿಯೂ ಇಲ್ಲ.

‘ನಕ್ಷೆಗಳು’ ಎಂಬ ದೊಡ್ಡ ಫೋಲ್ಡರಿನ ಕೆಳಗೆ ನನ್ನ ಜಾಗ. ಮುರಿಗೆಪ್ಪ ಸಂಘದ ಸದಸ್ಯನೂ ಆಗಿದ್ದರಿಂದ ‘ಸದಸ್ಯರು’ ಎಂಬುದರ ಕೆಳಗೂ ನಾನು ಕಾಣುವಂತೆ ಮಾಡಿದಳು. ಇರುವುದು ನಾನೊಂದೇ, ಕಾಣುವುದು ಎರಡು ಕಡೆ. ಮದುವೆಯಾದ ಹೆಣ್ಣಿಗೆ ತವರಿನಲ್ಲೂ ಗಂಡನ ಮನೆಯಲ್ಲೂ ಜಾಗವಿರುವಂತೆ ಎಂದುಕೊಂಡು ನಾನು ಬೀಗಿದ್ದೆ.

ಒಂದು ದಿನ ಮುರಿಗೆಪ್ಪ ತನ್ನ ಗಂಟು ತಂದ. ಶೈಲಜಾ ಒಂದೊಂದೇ ಕಾಗದವನ್ನು ಸ್ಕ್ಯಾನ್ ಮಾಡಿ ನನ್ನೊಳಗೆ ಇಟ್ಟಳು. ಕೊನೆಯದನ್ನು ಕೊಡುವಾಗ ಅವನ ಕೈ ತಡೆಯಿತು.

“ಇದನ್ನ ಇನ್ನೂ ಯಾರೂ ನೇಯ್ದಿಲ್ರಿ ಬಾಯಾರ. ನಮ್ಮ ಮಗಳು ಸಾವಂತ್ರಿ ಬಸುರಾದಾಗ ಅಕಿ ಕುಬಸದ ಕಾರ್ಯಕ್ಕಂತ ಬರದೀನಿ. ಗಿಳಿ ಬಾಯಾಗ ಜ್ವಾಳದ ತೆನಿ ಐತಿ ನೋಡ್ರಿ. ಸಣ್ಣಕಿದ್ದಾಗ ಮಗ್ಗದ ಬಾಜೂಕ ಕುಂತು ಎಳೀ ತೆನಿ ಸುಟ್ಟ ಸೀತನಿ ತಿಂತಿದ್ಲು.”

ಶೈಲಜಾ ಸ್ಕ್ಯಾನರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದ ಬಿಡಿಸುತ್ತಿದ್ದಳು. “ಹೂಂ ರೀ” ಎಂದಳು. ಅವಳು ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ.

ಆ ಚಳಿಗಾಲದಲ್ಲಿ ಮುರಿಗೆಪ್ಪ ತೀರಿಕೊಂಡ. ಮಣ್ಣಿಗೆ ಹೋಗಿ ಬಂದ ಶೈಲಜಾ ಕಾರ್ಯದರ್ಶಿಯ ಮುಂದೆ ಹೇಳುತ್ತಿದ್ದಳು: ಮುರಿಗೆಪ್ಪನ ಹೆಂಡತಿ ಕಾಶವ್ವ ನಕ್ಷೆಗಳ ಇಡೀ ಗಂಟನ್ನೇ ಅವನ ಮಗ್ಗುಲಲ್ಲಿಟ್ಟು ಮಣ್ಣು ಮಾಡಿಸಿದಳಂತೆ. “ಕಂಪ್ಯೂಟರ್‌ದಾಗ ಎಲ್ಲಾ ಅದಾವಲ್ಲ, ಇವು ಅವರ ಸಂಗಾಟ ಹೋಗ್ಲಿ” ಎಂದಳಂತೆ. ನನಗೆ ಹೆಮ್ಮೆಯಾಗಿತ್ತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ವಾರ್ಷಿಕ ಸಭೆ ಹತ್ತಿರ ಬಂತು. “ತೀರಿಕೊಂಡವರ ಹೆಸರು ಸದಸ್ಯರೊಳಗಿಂದ ತಗೀರಿ” ಎಂದರು ಕಾರ್ಯದರ್ಶಿ. ಶೈಲಜಾ ‘ಸದಸ್ಯರು’ ತೆರೆದು ನನ್ನನ್ನು ಆರಿಸಿದಳು. ಕಂಪ್ಯೂಟರ್ ತನ್ನ ಕರ್ತವ್ಯ ತಪ್ಪಲಿಲ್ಲ, ಸರಿಯಾಗಿಯೇ ಕೇಳಿತು: ಇಲ್ಲಿಂದ ಮಾತ್ರ ತೆಗೆಯಬೇಕೇ, ಎಲ್ಲ ಕಡೆಯಿಂದಲೂ ಅಳಿಸಬೇಕೇ?

ಸತ್ತವರ ಹೆಸರನ್ನು ಒಂದು ಕಡೆ ತೆಗೆದು ಇನ್ನೊಂದು ಕಡೆ ಉಳಿಸಿದರೆ ಆ ಮನೆಗೆ ಒಳಿತಲ್ಲ ಎಂದು ಸಂಘದಲ್ಲಿ ಹಿಂದಿನಿಂದಲೂ ನಂಬಿಕೆ. ಶೈಲಜಾ ಕಾಶವ್ವನ ಮನೆಯ ಒಳಿತನ್ನೇ ಬಯಸಿ ‘ಎಲ್ಲ ಕಡೆಯಿಂದ’ ಎಂಬುದನ್ನು ಒತ್ತಿದಳು. ಹೆಸರಿನ ಜೊತೆ ನಕ್ಷೆಗಳೂ ಹೋಗುತ್ತವೆಂದು ಅವಳಿಗೆ ಹೊಳೆಯಲಿಲ್ಲ. ಹಗೆಯಿಂದ ಮಾಡಿದ್ದರೆ ಬೈದು ಹಗುರಾಗುತ್ತಿದ್ದೆ. ಹೂವು ಹೋಯಿತು, ಕಳಸ ಹೋಯಿತು, ಕೊನೆಗೆ ಗಿಳಿಯೂ ಹೋಯಿತು.

ಮುಂದಿನ ವರ್ಷ ಕಾಶವ್ವ ಬಂದಳು. ಬಸುರಿ ಸಾವಂತ್ರಿಗೆ ಐದು ತಿಂಗಳು ತುಂಬಿತ್ತು. “ಆ ಗಿಳಿ ನಕ್ಷಿ ತಗದು ಕೊಡವಾ ತಂಗಿ, ಮಗ್ಗ ಹೂಡಬೇಕು.”

ಶೈಲಜಾ ಹುಡುಕಿದಳು. ಹುಡುಕುತ್ತ ಹುಡುಕುತ್ತ ಅವಳ ಮುಖ ಬಿಳಿಚಿತು. ಮರುದಿನ ಹುಬ್ಬಳ್ಳಿಯಿಂದ ರಿಪೇರಿಯವನನ್ನು ಕರೆಸಿದರು. ಬೇರೆ ಕಡೆ ಎತ್ತಿಟ್ಟಿದ್ದ ಹಳೆಯ ನಕಲಿನಿಂದ ಅವನು ನನ್ನನ್ನು ಮರಳಿ ತಂದ. ಆದರೆ ಆ ನಕಲಿನಲ್ಲಿ ಫೋಲ್ಡರುಗಳ ಹೆಸರುಗಳು ಮಾತ್ರ ಇದ್ದವು. ಚಿತ್ರಗಳು ಭಾರವಾಗುತ್ತವೆಂದು ಮೊದಲೇ ಬಿಟ್ಟಿದ್ದರಂತೆ. ನಾನು ಬಂದೆ, ಬರಿಹೊಟ್ಟೆಯಲ್ಲಿ ಬಂದೆ.

ಕಾಶವ್ವ ಬೈಯಲಿಲ್ಲ. ಚೌಕುಳಿ ಕಾಗದ, ಪೆನ್ಸಿಲ್ಲು ಕೇಳಿ ಅಲ್ಲೇ ಕುಳಿತಳು. ರೆಕ್ಕೆ ಬರೆದಳು, ಬಾಲ ಬರೆದಳು. ಕೊಕ್ಕಿನ ಹತ್ತಿರ ಕೈ ನಿಂತಿತು.

“ಬಾಯಾಗ ಏನೋ ಹಿಡಕೊಂಡಿತ್ತವಾ. ಏನಿತ್ತು?”

“ನನ್ನ ಮುಂದ ಹೇಳಿದ್ರು ದೊಡ್ಡವ್ವಾ,” ಎಂದಳು ಶೈಲಜಾ. “ನಾ ಲಕ್ಷ್ಯ ಕೊಡಲಿಲ್ಲ.”

“ಹೋಗ್ಲಿ ಬಿಡು. ನೆನಪಿಲ್ಲದ್ದನ್ನ ಬರೀಬಾರದು. ಅವರು ಸಿಟ್ಟಾಕ್ಕಾರ.”

ಹಾಗೆಯೇ ನೇಯ್ದರು. ಸಾವಂತ್ರಿ ಅದೇ ಕುಬಸ ತೊಟ್ಟು ಆರತಿ ಮಾಡಿಸಿಕೊಂಡಳಂತೆ. ಕಾಶವ್ವ ಬರೆದ ಕಾಗದವನ್ನು ಶೈಲಜಾ ಸ್ಕ್ಯಾನ್ ಮಾಡಿ ನನ್ನೊಳಗೆ ಇಟ್ಟಿದ್ದಾಳೆ. ಇತ್ತೀಚೆಗೆ ನನ್ನನ್ನು ಯಾರೂ ಅಳಿಸುವುದಿಲ್ಲ, ಹೆಚ್ಚಾಗಿ ತೆರೆಯುವುದೂ ಇಲ್ಲ. ಅವಳೊಬ್ಬಳು ಆಗಾಗ ತೆರೆದು ನೋಡಿ ಮುಚ್ಚುತ್ತಾಳೆ.

ನನ್ನೊಳಗೆ ಈಗಿರುವುದು ಒಂದೇ ಗಿಳಿ. ಕೊಕ್ಕು ತೆರೆದಿದೆ, ಒಳಗೆ ಏನೂ ಇಲ್ಲ. ಜೋಳದ ತೆನೆ, ಕಾಶವ್ವಾ. ಅಷ್ಟು ಹೇಳಲು ನನಗೆ ಬಾಯಿಲ್ಲ.