ಮೂಕಿ ಎಂಬ ವಿಮಾನ

ಒಂದು ಆಟದ ವಿಮಾನದ ಸಲುವಾಗಿ ನಾನು ಇರಕಲ್ಲಗಡದ ಈಶಪ್ಪನವರ ಜೊತೆ ಒಂಬತ್ತು ತಿಂಗಳು ಮಾತು ಬಿಟ್ಟಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಅದನ್ನು ನುಂಗಿಕೊಂಡರೆ ಆ ಮನುಷ್ಯ ಎಂಥವರೆಂಬುದನ್ನೂ ನುಂಗಿಕೊಂಡಂತಾಗುತ್ತದೆ.

ನಾನು ಪಂಪಣ್ಣ. ಗಂಗಾವತಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಕಾಲುವೆ ಸೀಮೆಯ ಪಂಪ್‌ಸೆಟ್ಟುಗಳು ಸುಟ್ಟಷ್ಟೂ ನನಗೆ ಕೆಲಸ. ಕರೆಂಟಿನ ಅನ್ನ ಉಂಡವನು, ಕರೆಂಟಿನ ಕಡೆಯೇ ಮಾತಾಡುತ್ತಿದ್ದೆ. ಈಶಪ್ಪನವರದು ಎಣ್ಣೆಯ ಅನ್ನ. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿದ್ದು, ಎಪ್ಪತ್ತಾರನೇ ಇಸವಿಯಲ್ಲಿ ಊರಿಗೆ ಬಂದು, ಕುಷ್ಟಗಿ, ಯಲಬುರ್ಗಾ ಕಡೆಯ ಬಾವಿಗಳ ಆಯಿಲ್ ಇಂಜಿನ್ನುಗಳನ್ನು ರಿಪೇರಿ ಮಾಡುತ್ತಿದ್ದರು. ಇಂಜಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಮುಖ ಬೇರೆ ಕಡೆ ಮಾಡಿ, ನಟ್ಟು ಬೋಲ್ಟುಗಳನ್ನು ಬೆರಳಲ್ಲೇ ಹುಡುಕುತ್ತಿದ್ದರು. ನೋಡಿದವರು ಇದೇನು ಗತ್ತು ಎಂದುಕೊಳ್ಳಬೇಕು, ಹಾಗೆ.

ಬರುವಾಗ ಅವರು ಟ್ರಂಕಿನಲ್ಲಿ ಎರಡು ವಸ್ತು ತಂದಿದ್ದರು. ಒಂದು, ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರು ಕೊಟ್ಟಿದ್ದ ರೇಡಿಯೋ ಕಂಟ್ರೋಲ್ ಪೆಟ್ಟಿಗೆ. ಇನ್ನೊಂದು, ನಿಂಬೆಹಣ್ಣಿನ ಗಾತ್ರದ ಇಂಜಿನ್ನು. ಕಿನ್ನಾಳದವರು ಗೊಂಬೆ ಮಾಡುವ ಹಗುರ ಕಟ್ಟಿಗೆಯಿಂದ ನಾಲ್ಕು ಅಡಿಯ ರೆಕ್ಕೆ ಕಟ್ಟಿ, ಊರ ಹೊರಗಿನ ಗುಡ್ಡದ ಎದುರಿನ ಗಾಯರಾಣದಲ್ಲಿ ಅದನ್ನು ಹಾರಿಸುತ್ತಿದ್ದರು. ದನ ಮೇಯಿಸುವ ಆ ಬಯಲಲ್ಲಿ ಇಂಜಿನ್ನು ಒಮ್ಮೆ ಕೂಗಿತೆಂದರೆ ಊರೇ ತಲೆ ಎತ್ತುತ್ತಿತ್ತು.

ಅದಕ್ಕೆ ಕುಡಿಸುತ್ತಿದ್ದದ್ದು ಹುಬ್ಬಳ್ಳಿಯಿಂದ ತರಿಸಿದ ಸ್ಪಿರಿಟ್ಟು ಮತ್ತು ಗಾಣದ ಔಡಲೆಣ್ಣೆ. ಸುಟ್ಟ ಔಡಲೆಣ್ಣೆಯ ವಾಸನೆ ಅರ್ಧ ಫರ್ಲಾಂಗು ಬರುತ್ತಿತ್ತು. ಕೂಸಿನ ಹೊಟ್ಟೆ ತೊಳೆಯುವ ಎಣ್ಣೆಯನ್ನು ವಿಮಾನಕ್ಕೆ ಕುಡಿಸಿದರೆ ಅದು ಓಡದೆ ಇನ್ನೇನು ಮಾಡೀತು ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ನನ್ನನ್ನು ಹಾಗೆ ಮಾತಾಡಲು ಬಿಟ್ಟವರು ಆ ಊರಲ್ಲಿ ಅವರೊಬ್ಬರೇ.

ಎಂಬತ್ತೆರಡರಿಂದ ಎರಡು ವರ್ಷ, ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಅವರ ಹತ್ತಿರ ಹಾರಿಸುವುದನ್ನು ಕಲಿತೆ. ನಾನು ಪೆಟ್ಟಿಗೆ ಹಿಡಿದರೆ ಅವರು ಬೆನ್ನ ಹಿಂದೆ ನಿಲ್ಲುತ್ತಿದ್ದರು. ಮೂಗು ಮೇಲೇಳುತ್ತಿದೆ, ಇಳಿಸು ಎನ್ನುತ್ತಿದ್ದರು. ನಾನು ಕಣ್ಣು ಕಿರಿದು ಮಾಡಿ ನೋಡಿದರೆ ಆಗಿನ್ನೂ ಏನೂ ಕಾಣುತ್ತಿರಲಿಲ್ಲ. ಒಂದು ಕ್ಷಣದ ಮೇಲೆ ನಿಜವಾಗಿಯೂ ಮೂಗು ಏಳುತ್ತಿತ್ತು.

"ಕಣ್ಣಿಗೆ ಭಾಳ ಕೆಲಸ ಕೊಡಬ್ಯಾಡೋ ಪಂಪಣ್ಣ. ಕಿವಿಲೆ ನೋಡು" ಎನ್ನುತ್ತಿದ್ದರು.

ಇಂಜಿನ್ನಿಗೆ ಏರುವಾಗ ಒಂದು ದನಿ, ಇಳಿಯುವಾಗ ಒಂದು ದನಿ, ತಿರುಗುವಾಗ ಒಂದು ದನಿ. ಗುಡ್ಡದ ಬಂಡೆಗೆ ತಾಗಿ ಬರುವ ಸದ್ದಿನಿಂದ ದೂರ ಗೊತ್ತಾಗುತ್ತದಂತೆ. ಗುರುಗಳು ಹೀಗೇ ಏನಾದರೂ ಹೇಳುತ್ತಿರುತ್ತಾರೆ ಎಂದು ನಾನು ತಲೆಯಾಡಿಸಿ, ಕಣ್ಣಿಂದಲೇ ನೋಡುತ್ತಿದ್ದೆ. ಅವರ ಹೆಂಡತಿ ಕಳಕಮ್ಮ ಎಣ್ಣೆಯ ಡಬ್ಬಿ ಹಿಡಿದು ಸದಾ ಪಕ್ಕದಲ್ಲಿರುತ್ತಿದ್ದರು. ಯಾರು ಬಂದರೂ ಆ ತಾಯಿ ದೂರದಿಂದಲೇ ಹೆಸರು ಹಿಡಿದು ಕೂಗುತ್ತಿದ್ದರು. ಗಂಗಾವತಿ ಪಂಪಣ್ಣ ಬಂದಾನ ನೋಡ್ರಿ, ಕೈಯಾಗ ಚೀಲ ಐತಿ, ಎಂದು. ಎಂಥ ಆದರ ಎಂದು ನಾನು ಹಿಗ್ಗುತ್ತಿದ್ದೆ.

ಕಲಿತ ಮೇಲೆ ನನಗೆ ತಲೆ ತಿರುಗಿತು. ಕರೆಂಟಿನಲ್ಲಿ ಹಾರಿಸಿ ತೋರಿಸುತ್ತೇನೆ ಎಂದು ಹಟ ಹಿಡಿದೆ. ಗಂಗಾವತಿಯಲ್ಲಿ ರೇಡಿಯೋ, ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ ಶಾಮೀದಸಾಬ ಮುಂಬೈಯಿಂದ ಆಟದ ಕಾರಿನ ಮೋಟಾರು ಮತ್ತು ಏಳು ಚಾರ್ಜಿಂಗ್ ಸೆಲ್ಲು ತರಿಸಿಕೊಟ್ಟ. ಮೋಟಾರು ಬಿಚ್ಚಿ, ತೆಳು ತಂತಿ ಕಿತ್ತು, ದಪ್ಪ ತಂತಿಯಲ್ಲಿ ಕಡಿಮೆ ಸುತ್ತು ಹಾಕಿದೆ. ಹತ್ತು ಅಶ್ವಶಕ್ತಿಯ ಮೋಟಾರು ಕಟ್ಟುವ ಕೈ, ಅದರ ಮುಂದೆ ಹುಡುಗಾಟ. ಆದರೆ ಸೆಲ್ಲುಗಳು ಸೇರಿನ ಕಲ್ಲಿನಂತೆ ಭಾರ. ವಿಮಾನವನ್ನು ತೂಕ ಇಳಿಸಿ ಇಳಿಸಿ ಮೂರು ಸಲ ಕಟ್ಟಿದೆ. ಕೊನೆಗೆ ಟ್ರ್ಯಾಕ್ಟರ್ ಬ್ಯಾಟರಿಯಿಂದ, ಕರೆಂಟು ಹೆಚ್ಚು ನುಗ್ಗದಂತೆ ನಡುವೆ ಒಂದು ಬಲ್ಬು ಸೇರಿಸಿ, ಮುಕ್ಕಾಲು ತಾಸು ಚಾರ್ಜು ಮಾಡಿದರೆ ನಾಲ್ಕು ನಿಮಿಷ ಹಾರುವ ಲೆಕ್ಕಕ್ಕೆ ಬಂತು.

ಈಶಪ್ಪನವರು ಈ ಲೆಕ್ಕ ಕೇಳಿ ಹೊಟ್ಟೆ ಹಿಡಿದು ನಕ್ಕರು. "ನಾಕ್ ನಿಮಿಷಕ್ಕ ಮುಕ್ಕಾಲು ತಾಸು ಕುಂದ್ರಬೇಕ? ಕಾವಿಗೆ ಕುಂತ ಕೋಳಿ ಹಂಗ?"

ಎಂಬತ್ತೈದರ ಫೆಬ್ರುವರಿಯಲ್ಲಿ ಒಂದು ಸಂಜೆ ವಿಮಾನ ಒಯ್ದೆ. ರೇಡಿಯೋ ಪೆಟ್ಟಿಗೆ ಇದ್ದದ್ದು ಅವರದೊಂದೇ, ಹಾಗಾಗಿ ಅವರಿಲ್ಲದೆ ನನ್ನದು ಹಾರುವಂತಿರಲಿಲ್ಲ. ಇಪ್ಪತ್ತು ಜನ ಸೇರಿದ್ದರು. ಮೊದಲ ಹಾರಾಟ ಗುರುಗಳದೇ ಎಂದು ಪೆಟ್ಟಿಗೆಯನ್ನು ಅವರ ಕೈಗಿತ್ತೆ. ನಿಜ ಹೇಳಬೇಕೆಂದರೆ ಭಕ್ತಿಗಿಂತ ಸೊಕ್ಕೇ ಜಾಸ್ತಿ ಇತ್ತು. ಅವರು ಮೋಟಾರು ಹಚ್ಚಲು ಹೇಳಿದರು. ಹಚ್ಚಿದೆ. ಫ್ಯಾನಿನಷ್ಟು ಸದ್ದು. ನಾಲ್ಕು ಹೆಜ್ಜೆ ಆಚೆ ಹೋಗಿ ಹಿಡಿ ಎಂದರು. ಹಿಡಿದೆ. ಅವರು ಸ್ವಲ್ಪ ಹೊತ್ತು ತಲೆ ವಾರೆ ಮಾಡಿ ನಿಂತು, ಪೆಟ್ಟಿಗೆಯನ್ನು ತಿರುಗಿ ನನಗೇ ಚಾಚಿದರು.

"ಇದು ಮೂಕಿ ಐತೆಪಾ. ಮಾತಾಡದ್ದನ್ನ ನಾ ಹಾರಸಂಗಿಲ್ಲ."

ಜನ ನಕ್ಕರು. ನನ್ನ ಮೈ ಉರಿಯಿತು. ನಾನೇ ಹಾರಿಸಿದೆ. ಮೂಕಿ ನಾಲ್ಕು ನಿಮಿಷ ಹತ್ತಿಯ ಅರಳೆಯ ಹಾಗೆ ತೇಲಿತು, ಹದ್ದೊಂದು ಹೆದರದೆ ಪಕ್ಕದಲ್ಲೇ ಸುತ್ತಿತು. ಅಂಥ ಚೆಂದ ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ತಿರುಗಿ ನೋಡಿದರೆ ಈಶಪ್ಪನವರ ಮುಖ ಆಕಾಶದ ಬೇರೆಯದೇ ಮೂಲೆಗೆ ತಿರುಗಿತ್ತು. ವಿಮಾನ ಬಡಗಣಕ್ಕೆ, ಅವರ ಮುಖ ಮೂಡಣಕ್ಕೆ. ನನ್ನ ಒಂದು ವರ್ಷದ ದುಡಿಮೆಯನ್ನು ಕಣ್ಣೆತ್ತಿಯೂ ನೋಡಲೊಲ್ಲದವರ ಮನೆಗೆ ಇನ್ನೇಕೆ ಬರಬೇಕೆಂದು ಪೆಟ್ಟಿಗೆಯನ್ನು ಕಳಕಮ್ಮನವರ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಮೂಕಿ ನನ್ನ ಅಂಗಡಿಯ ಗೋಡೆಗೆ ನೇತುಬಿದ್ದಿತು.

ಆ ವರ್ಷದ ದೀಪಾವಳಿ ಮುಗಿದ ಮೇಲೆ ಶಾಮೀದಸಾಬ ಸುದ್ದಿ ತಂದ. ಈಶಪ್ಪನವರ ಇಂಜಿನ್ನಿನ ಒಳಗಿನ ರಾಡು ಮುರಿದು ಸಿಲಿಂಡರು ಸೀಳಿತ್ತು. ಬಿಡಿಭಾಗಕ್ಕೆ ಹೈದರಾಬಾದಿನ ತನಕ ಬರೆದು ಕೇಳಿದ್ದರಂತೆ, ಅಂಥ ಇಂಜಿನ್ನು ಮಾಡುವುದನ್ನೇ ಕಂಪನಿ ನಿಲ್ಲಿಸಿತ್ತು. ನಾನು ಒಳಗೊಳಗೇ ಖುಷಿಪಟ್ಟೆ. ಈಗ ಎಲ್ಲಿ ಹೋಗುತ್ತಾರೆ, ನನ್ನ ಮೂಕಿಯನ್ನೇ ಹಾರಿಸಬೇಕು ಎಂದು ಗೋಡೆಯಿಂದ ಇಳಿಸಿಕೊಂಡು ಹೊರಟೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಅವರೊಬ್ಬರೇ ಕುಳಿತಿದ್ದರು. ಕಳಕಮ್ಮ ಗಿರಣಿಗೆ ಹೋಗಿದ್ದರು. ನಾನು ಮಾತಾಡದೆ ಹೋಗಿ, ಮೂಕಿಯ ರೆಕ್ಕೆ ಅವರ ಮೂಗಿಗೆ ತಾಗುವ ಹಾಗೆ ಎದುರಿಗೆ ಹಿಡಿದು ನಿಂತೆ. ಅವರು ತಲೆ ವಾರೆ ಮಾಡಿದರು.

"ಯಾರ‍್ರಿ ನಿಂತವರು?" ಎಂದರು.

ನಾನು ರೆಕ್ಕೆಯನ್ನು ಮೆಲ್ಲಗೆ ಕೆಳಗಿಳಿಸಿದೆ. ಅಷ್ಟರಲ್ಲಿ ಹಿಟ್ಟಿನ ಬುಟ್ಟಿ ಹೊತ್ತು ಕಳಕಮ್ಮ ಬಂದರು. ನನ್ನನ್ನು ನೋಡಿದರು, ರೆಕ್ಕೆಯನ್ನು ನೋಡಿದರು, ನನಗೆ ತಿಳಿದುಹೋಯಿತೆಂಬುದು ಅವರಿಗೂ ತಿಳಿಯಿತು. ನನ್ನನ್ನು ಹಿತ್ತಲಿಗೆ ಕರೆದು, ಮೆಲ್ಲಗೆ ಹೇಳಿದರು.

"ಐದು ವರ್ಷ ಆತಪಾ, ಕಣ್ಣಿನ ನರ ಒಣಗ್ಯಾವಂತ. ಬೆಳಕ ಕಾಣತೈತಿ, ಬಾಜೂಕ ಬಂದ್ರ ನೆಳ್ಳ ಕಾಣತೈತಿ. ಇಂಜಿನ್ನಿನ ಸದ್ದು ಇರೂತನ ಅವ್ರಿಗೆ ತಾವು ಕುರುಡ ಅನಸತಿದ್ದಿಲ್ಲ. ಈಗ ಹದಿನೈದು ದಿನ ಆತು, ಕಟ್ಟಿ ಬಿಟ್ಟು ಇಳಿದಿಲ್ಲ."

ಐದು ವರ್ಷ. ಅಂದರೆ ನನಗೆ ಕಲಿಸಿದ ಒಂದೊಂದು ದಿನವೂ ಅವರು ಕಾಣದೆಯೇ ಕಲಿಸಿದ್ದರು. ಮೂಗು ಏಳುವ ಮುಂಚೆಯೇ ಏಳುತ್ತದೆ ಎಂದದ್ದು, ಗಿರಕಿ ಹೊಡೆಸಿ ಗುಡ್ಡದ ಮೈ ಸವರಿ ತಂದು ಕಾಲ ಬುಡಕ್ಕೆ ಇಳಿಸಿದ್ದು, ಎಲ್ಲವೂ ಎರಡು ಕಿವಿ ಮತ್ತು ಎರಡು ಹೆಬ್ಬೆರಳ ಕೆಲಸ. ಕಣ್ಣಿದ್ದ ನಾನು ಮೂರು ಸಲ ಜಾಲಿಗಿಡಕ್ಕೆ ನುಗ್ಗಿಸಿದ್ದೆ. ಅವರು ಒಮ್ಮೆಯೂ ಇಲ್ಲ. ಮೂಕಿಯನ್ನು ನೋಡಲೊಲ್ಲೆನೆಂದು ಮುಖ ತಿರುಗಿಸಿದವರಲ್ಲ, ಅದು ಎಲ್ಲಿದೆಯೆಂದು ಹುಡುಕುತ್ತಿದ್ದರು. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸಿತು. ಅದಕ್ಕಿಂತ ಹೆಚ್ಚಾಗಿ, ಹೋಗಿ ಅವರ ಕಾಲು ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ, ಹಿಡಿದಿದ್ದರೆ ನನಗೆ ತಿಳಿದದ್ದು ಅವರಿಗೆ ತಿಳಿಯುತ್ತಿತ್ತು. ಆಗಷ್ಟೇ ಬಂದವನ ಹಾಗೆ ಅವರನ್ನು ಕರೆದು, ಚಹಾ ಕುಡಿದು, ಅದೂ ಇದೂ ಮಾತಾಡಿ, ಮೂಕಿಯನ್ನು ಹೊತ್ತು ಹಿಂತಿರುಗಿದೆ.

ಆಮೇಲೆ ಹದಿನೈದು ದಿನ ನನಗೆ ಅದೊಂದೇ ಚಿಂತೆ. ಮೂಕಿಗೆ ಬಾಯಿ ಬರಬೇಕು. ಸೈಕಲ್ಲಿನ ಬಜರು ಕಟ್ಟಿದೆ, ಒಂದೇ ಸಮನೆ ಕಿರುಚಿತು. ಏರಲಿ ಇಳಿಯಲಿ ಅದಕ್ಕೆ ಒಂದೇ ರಾಗ, ಕೇಳುವವನಿಗೆ ಏನೂ ಹೇಳುತ್ತಿರಲಿಲ್ಲ. ಪೀಪಿ ಕಟ್ಟಿದೆ, ಭಾರವಾಯಿತು.

ಹೀಗಿರುವಾಗ ಸಿದ್ದಾಪುರದಲ್ಲಿ ಮೋಟಾರೊಂದು ಸುಟ್ಟಿದೆಯೆಂದು ಕರೆ ಬಂತು. ಭತ್ತದ ತೆನೆಯಲ್ಲಿ ಹಾಲು ತುಂಬಿತ್ತು. ಹಕ್ಕಿ ಬೆದರಿಸಲು ದುರುಗವ್ವ ಎಂಬ ಹೆಂಗಸು ಹಾಳಾದ ಕ್ಯಾಸೆಟ್ಟಿನ ರೀಲನ್ನು ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟಿದ್ದಳು. ಕಾಲುವೆ ಸೀಮೆಯಲ್ಲಿ ಅದು ಎಲ್ಲರ ಹೊಲದಲ್ಲೂ ಇರುವುದೇ. ನಾನು ಸ್ಪ್ಯಾನರು ಹಿಡಿದು ಬಗ್ಗಿದ್ದೆ. ಗಾಳಿ ಬೀಸಿತು, ರೀಲು ಗುಂಯ್ ಎಂದಿತು. ಗಾಳಿ ಜೋರಾಯಿತು, ದನಿ ಏರಿತು. ಗಾಳಿ ಇಳಿಯಿತು, ದನಿ ಕೆಳಗಿಳಿದು ಸತ್ತಿತು. ನಾನು ಸ್ಪ್ಯಾನರು ಕೆಳಗಿಟ್ಟು ಹೋಗಿ ಒಂದು ಗೇಣು ರೀಲು ಕತ್ತರಿಸಿಕೊಂಡೆ. ದುರುಗವ್ವ ನನ್ನ ಏಳು ತಲೆಮಾರನ್ನು ಜಾಲಾಡಿದಳು. ಆ ಬೈಗುಳ ನನಗೆ ಆಶೀರ್ವಾದದಂತೆ ಕೇಳಿತು.

ರೀಲನ್ನು ಒಂದು ಕಡ್ಡಿಗೆ ಬಿಗಿದು ಸೈಕಲ್ ಹ್ಯಾಂಡಲಿಗೆ ಕಟ್ಟಿ, ಕಾಲುವೆ ದಂಡೆಯ ಮೇಲೆ ಕಣ್ಣು ಮುಚ್ಚಿಕೊಂಡು ತುಳಿದೆ. ಒಮ್ಮೆ ಕಾಲುವೆಗೂ ಬಿದ್ದೆ. ಅರ್ಧ ತಿರುವು ಕೊಟ್ಟು ಕಟ್ಟಿದರೆ ದನಿ ಗಟ್ಟಿ ಎಂದು ತಿಳಿಯಿತು. ಎರಡು ಕಡೆ ರೆಕ್ಕೆಗೆ ಬೇರೆ ಬೇರೆ ಉದ್ದದ ರೀಲು ಕಟ್ಟಿದೆ, ಎಡಕ್ಕೆ ದಪ್ಪ ದನಿ, ಬಲಕ್ಕೆ ಸಣ್ಣ ದನಿ. ತಿರುಗುವಾಗ ಹೊರಗಿನ ರೆಕ್ಕೆ ಜೋರಾಗಿ ಕೂಗುತ್ತದೆ, ಯಾವ ಕಡೆ ತಿರುಗಿತೆಂದು ತಿಳಿಯುತ್ತದೆ. ಗಾಳಿಯ ತಡೆಯಿಂದ ಹಾರಾಟ ಅರ್ಧ ನಿಮಿಷ ಕಡಿಮೆಯಾಗುತ್ತದೆಂದು ಅಂದಾಜಿಸಿದೆ. ಆಗಲಿ ಎಂದುಕೊಂಡೆ.

ಡಿಸೆಂಬರಿನಲ್ಲಿ ಒಂದು ಸಂಜೆ ಈಶಪ್ಪನವರನ್ನು ಬಲವಂತದಿಂದ ಗಾಯರಾಣಕ್ಕೆ ಕರೆತಂದೆ. ನಾವಿಬ್ಬರು ಮತ್ತು ಕಳಕಮ್ಮ, ಮೂವರೇ. ಪೆಟ್ಟಿಗೆಯನ್ನು ಅವರ ಕೈಗಿಟ್ಟೆ.

"ಮೂಕಿ ಏನೋ ಇದು?"

"ಹೌದ್ರಿ. ಒಂದ್ಸಲ ಕೇಳ್ರಿ."

ಮೋಟಾರು ಹಚ್ಚಿ, ಓಡಿ, ಎಸೆದೆ. ಮೊದಲು ಬರೀ ಫ್ಯಾನಿನ ಸದ್ದು. ವೇಗ ಬಂದದ್ದೇ ರೀಲುಗಳು ಗುಂಯ್ ಎಂದವು. ಈಶಪ್ಪನವರ ಕತ್ತು ಸರಕ್ಕನೆ ತಿರುಗಿತು. ವಿಮಾನ ಬಡಗಣಕ್ಕೆ, ಮುಖವೂ ಬಡಗಣಕ್ಕೆ. ಹೆಬ್ಬೆರಳು ಒಂದಿಷ್ಟು ಅಲುಗಿತು, ಮೂಕಿ ಎಡಕ್ಕೆ ವಾಲಿತು, ಸಣ್ಣ ದನಿ ಎದ್ದಿತು. ಮತ್ತೆ ಅಲುಗಿತು, ಬಲಕ್ಕೆ ವಾಲಿತು, ದಪ್ಪ ದನಿ ಎದ್ದಿತು. ಎರಡು ಸುತ್ತಿನಲ್ಲಿ ಅವರು ಅದರ ಭಾಷೆ ಕಲಿತುಬಿಟ್ಟರು. ಮೂರನೆಯ ಸುತ್ತಿಗೆ ಗಿರಕಿ ಹೊಡೆಸಿದರು. ಕಳಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮೂರೂವರೆ ನಿಮಿಷಕ್ಕೆ ಸೆಲ್ಲು ಮುಗಿದು ಮೋಟಾರು ನಿಂತಿತು. ಎಣ್ಣೆಯ ವಿಮಾನದಲ್ಲಿ ಇಂಜಿನ್ನು ನಿಂತರೆ ಅವರಿಗೆ ಅಲ್ಲಿಗೆ ಕತ್ತಲೆ. ಅದಕ್ಕೇ ಅವರು ಯಾವತ್ತೂ ಎಣ್ಣೆ ತೀರುವ ಮುಂಚೆಯೇ ಇಳಿಸುತ್ತಿದ್ದರೆಂದು ಆಗ ಹೊಳೆಯಿತು.

"ಮೋಟಾರು ಬಂದಾಗೈತಿ" ಎಂದರು ಈಶಪ್ಪನವರು. ಕತ್ತು ಚಾಚಿ, "ಆದ್ರೂ ಇನ್ನಾ ಮಾತಾಡಾಕತ್ತೈತಲ್ಲೋ."

ರೀಲು ಕೂಗುತ್ತಲೇ ಇತ್ತು. ಗಾಳಿ ಇರುವ ತನಕ ಅದು ಕೂಗುತ್ತದೆ, ಅದಕ್ಕೆ ಮೋಟಾರಿನ ಹಂಗಿಲ್ಲ. ಅವರು ಮೂಕಿಯನ್ನು ಸುತ್ತು ಹಾಕಿಸಿ ನಮ್ಮ ಕಡೆಗೆ ತಂದರು. ದನಿ ಇಳಿಯುತ್ತ ಬಂತು, ಇನ್ನೂ ಇಳಿಯಿತು, ಹೆಬ್ಬೆರಳು ಮೂಗನ್ನು ಮೆಲ್ಲಗೆ ಎತ್ತಿತು, ಹುಲ್ಲು ಸರಕ್ ಎಂದಿತು, ದನಿ ನಿಂತಿತು. ನಮ್ಮಿಂದ ಹತ್ತು ಹೆಜ್ಜೆ.

ಅವರು ನೇರ ಅದರ ಹತ್ತಿರ ನಡೆದುಹೋಗಿ, ಬಗ್ಗಿ, ಬೆರಳಿಂದ ರೆಕ್ಕೆ ಸವರಿ ರೀಲನ್ನು ಹುಡುಕಿದರು. ಬಹಳ ಹೊತ್ತು ಅದನ್ನು ಮೀಟುತ್ತ ನಿಂತಿದ್ದರು.

"ಎಂದು ಗೊತ್ತಾತು ನಿನಗ?" ಎಂದು ಕೇಳಿದರು.

ನಾನು ಚಾರ್ಜಿಗೆಂದು ಒಯ್ದಿದ್ದ ಟ್ರ್ಯಾಕ್ಟರ್ ಬ್ಯಾಟರಿಯನ್ನು ತಂದು ವಿಮಾನದ ಪಕ್ಕಕ್ಕಿಟ್ಟೆ.

"ಮತ್ತ ಚಾರ್ಜ್ ಆಗಾಕ ಎಷ್ಟೊತ್ತು ಅಂದಿ?"

"ಮುಕ್ಕಾಲು ತಾಸ್ರಿ."

ಈಶಪ್ಪನವರು ಧೋತರ ಸರಿಮಾಡಿಕೊಂಡು ಆ ಹುಲ್ಲಿನ ಮೇಲೆಯೇ ಕುಳಿತರು, ಮೂಕಿಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

"ಹಚ್ಚು. ಕೋಳಿ ಹಂಗ ಕುಂದ್ರತೀನಿ" ಎಂದರು.